ತೂಬಿನ ಪಕ್ಕದ ಗದ್ದೆ, ಕಾಲುವೆ ಕೊನೆಯ ಗದ್ದೆ: ನೀರು ಒಂದೇ, ಕರ್ತವ್ಯವೂ ಒಂದೇನಾ?

ಏರಿ ಮೇಲಿನವ (ಚಿಂತಾಮಣಿ ಕಡೆ)

ನಮ್ಮೂರ ಕೆರೆ ಈ ಸಲ ಮುಕ್ಕಾಲು ತುಂಬಿದೆ. ತೂಬು (ಕೆರೆಯಿಂದ ನೀರು ಬಿಡುವ ಬಾಗಿಲು) ಎತ್ತುವ ಮೊದಲು ಅಚ್ಚುಕಟ್ಟುದಾರರ, ಅಂದರೆ ಕೆರೆ ನೀರಿನ ಗದ್ದೆಯವರ, ಸಭೆ ಇದೆ. ಕಾಲುವೆ ಹೂಳು ತೆಗೆಯಬೇಕು, ಕೆರೆಗೆ ನೀರು ತರುವ ಪೋಷಕ ಕಾಲುವೆಗೆ ಬಿದ್ದಿರುವ ಮಣ್ಣು ಬಿಡಿಸಬೇಕು. ಯಾರು ಆಳು ಕಳಿಸಬೇಕು, ಯಾರು ಎಷ್ಟು ದುಡ್ಡು ಹಾಕಬೇಕು ಅನ್ನುವಲ್ಲಿ ಊರು ನಾಲ್ಕು ಹೋಳಾಗಿದೆ.

ಕೆರೆಯಿಂದ ಮೇಲಕ್ಕೆ ಹೊಲ ಇರುವವರು, "ನಮಗೆ ಕೆರೆಯ ಒಂದು ಹನಿ ನೀರೂ ಬರಲ್ಲ, ಪೋಷಕ ಕಾಲುವೆಗೆ ನಾವ್ಯಾಕೆ ಜಾಗ ಬಿಡಬೇಕು" ಅಂತಾರೆ. ತೂಬಿನ ಪಕ್ಕದವರು, "ನಮ್ಮ ಬದುವಿಗೇ ನೀರು ಬರುತ್ತೆ, ಮುಂದಿನ ಕಾಲುವೆ ಹಾಳಾದರೆ ನಮಗೇನು" ಅಂತಾರೆ. ಕೊನೆಯವರು, "ನೀರು ತಲುಪೋದೇ ಇಲ್ಲ, ಬರದ ನೀರಿಗೆ ದುಡ್ಡು ಕಟ್ಟಬೇಕಾ" ಅಂತಾರೆ. ಬೋರ್‌ವೆಲ್ ಹಾಕಿಸಿಕೊಂಡವರು ಸಭೆಗೇ ಬರಲ್ಲ. ಕೆರೆ ತುಂಬಿದ ಮೇಲೆ ಅವರ ಬೋರಿನಲ್ಲಿ ನೀರು ಏರಿದ್ದನ್ನು ಊರೆಲ್ಲ ನೋಡಿದೆ.

ಎಕರೆಗೆ ಇಷ್ಟು ಅಂತ ಎಲ್ಲರಿಗೂ ಸಮ ಹಾಕಿಬಿಡೋಣ ಅನ್ನೋದು ಕಾರ್ಯದರ್ಶಿಯ ಸಲಹೆ. ಕೇಳೋಕೆ ನ್ಯಾಯವಾಗಿ ಕಾಣುತ್ತೆ. ನಾನು ಒಪ್ಪಲ್ಲ. ಎರಡು ಎಕರೆ ತೂಬಿನ ಬುಡದಲ್ಲಿ ಇರೋದಕ್ಕೂ, ಅದೇ ಎರಡು ಎಕರೆ ಕೊನೆ ಮಡಿಯಲ್ಲಿ ಇರೋದಕ್ಕೂ ತುಂಬಾ ವ್ಯತ್ಯಾಸ ಇದೆ. ನೀರಿನ ವಿಷಯದಲ್ಲಿ ಮನುಷ್ಯನ ಕರ್ತವ್ಯವನ್ನು ಅವನ ಜಮೀನು ಇರುವ ಜಾಗ ತೀರ್ಮಾನಿಸಬೇಕು. ನೀರು ಯಾರಿಗೆ ಮೊದಲು ಸಿಗುತ್ತೋ ಅವರ ಹೊಣೆ ದೊಡ್ಡದು. ಇದು ನನ್ನ ನಿಲುವು. ನನ್ನ ಜಮೀನು ಇರೋದು ತೂಬಿನಿಂದ ಮೂರನೇ ಗದ್ದೆ, ಅದನ್ನೂ ಹೇಳಿಬಿಡ್ತೀನಿ.

ಇದು ನಾನು ಹೊಸದಾಗಿ ಹುಟ್ಟಿಸಿದ ಮಾತಲ್ಲ. ನಮ್ಮ ಕೋಲಾರ ಸೀಮೆಯಲ್ಲಿ ದಾಮಾಶಾ ಅಂತ ಒಂದು ಪದ್ಧತಿ ಇತ್ತು. ಕೆರೆ ಪೂರ್ತಿ ತುಂಬಿದ ವರ್ಷ ಅವರವರ ಗದ್ದೆ ಅವರವರು ಮಾಡೋದು. ಅರ್ಧ ತುಂಬಿದ ವರ್ಷ ಇಡೀ ಅಚ್ಚುಕಟ್ಟಿಗೆ ನೀರು ಸಾಲಲ್ಲ. ಆಗ ತೂಬಿಗೆ ಹತ್ತಿರದ ಗದ್ದೆಗಳನ್ನು ಮಾತ್ರ ಬೆಳೆಗೆ ಆರಿಸಿ, ಅವನ್ನು ಎಲ್ಲ ರೈತರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಆ ಒಂದು ಬೆಳೆಯ ಮಟ್ಟಿಗೆ ಹಂಚೋರು. ಕೊನೆ ಮಡಿಯವನು ಮೇಲೆ ಬಂದು ತೂಬಿನ ಪಕ್ಕದವನ ಗದ್ದೆಯಲ್ಲಿ ತನ್ನ ಪಾಲಿನ ಪಟ್ಟಿ ಉತ್ತು ನಾಟಿ ಮಾಡೋನು. ಜಮೀನಿನ ಒಡೆಯ ಬೇಡ ಅನ್ನುವ ಹಾಗಿರಲಿಲ್ಲ. ತುಂಬಿದ ವರ್ಷ ಅವನಿಗೆ ಇದ್ದ ಹಕ್ಕು ಅರೆತುಂಬಿದ ವರ್ಷ ಇರಲಿಲ್ಲ. ಶ್ರೀಲಂಕಾದ ಕೆರೆಗಳಲ್ಲೂ ಬೆತ್ಮ ಅನ್ನೋ ಹೆಸರಲ್ಲಿ ಇಂಥದ್ದೇ ಪದ್ಧತಿ ಇದೆ.

ನಿಮ್ಮ ನಿಮ್ಮ ಕಡೆ ಹೇಗಿದೆ? ಹೊಳೆ, ಕಾಲುವೆ, ತೋಟ, ಕಡಲ ಅಂಚು, ಎಲ್ಲಿದ್ದರೂ ಬರೆಯಿರಿ. ಸಭೆಯಲ್ಲಿ ಇಡೋದಕ್ಕೆ ನನಗೆ ಗಟ್ಟಿ ಮಾತು ಬೇಕು.

ಕೊನೆ ಭಾಗದ ರೈತ (ಸಿರವಾರ)

ಅಣ್ಣಾರ, ನಿಮ್ಮದು ಕೆರಿ, ನಮ್ಮದು ತುಂಗಭದ್ರಾ ಎಡದಂಡೆ ಕಾಲುವಿ. ಮುನಿರಾಬಾದಿನಾಗ ಹುಟ್ಟಿ 225 ಕಿ.ಮೀ. ಮ್ಯಾಲೆ ಹರದು ನಮ್ಮ ರಾಯಚೂರು ಜಿಲ್ಲಾದಾಗ ಮುಗೀತದ. ಮುಗೀತದ ಅಂದ್ರ ಕಾಗದದ ಮ್ಯಾಲೆ. ಎಷ್ಟೋ ವರ್ಷ ನೀರು ಅದಕ್ಕಿಂತ ಭಾಳ ಮೊದಲೇ ಮುಗದಿರ್ತದ.

ಯೋಜನಾ ಮಾಡಿದಾಗ ಈ ಕಾಲುವಿ ಬಹುತೇಕ ಜ್ವಾಳ, ಶೇಂಗಾ, ಹತ್ತಿ ಇಂಥ ಅರೆ ನೀರಾವರಿ ಬೆಳಿಗೆ ಅಂತಲೇ ಲೆಕ್ಕ ಹಾಕಿದ್ರು. ಭತ್ತಕ್ಕ ಕೊಟ್ಟದ್ದು ಸ್ವಲ್ಪ ಜಾಗ. ಈಗ ಗಂಗಾವತಿ, ಕಾರಟಗಿ, ಸಿಂಧನೂರು ಕಡಿ ಹೋಗಿ ನೋಡ್ರಿ, ಕಣ್ಣು ಹಾಯೋತನಕ ಭತ್ತ. ಅದರ ಮ್ಯಾಲೆ ಕಾಲುವಿ ಬಾಜೂಕ ಕೆರಿಯಂಥಾ ಹೊಂಡ ತೋಡಿ, ಮೋಟಾರ್ ಇಟ್ಟು, ಅಚ್ಚುಕಟ್ಟಿನಾಗ ಇಲ್ಲದ ಹೊಲಕ್ಕೂ ನೀರು ಒಯ್ತಾರ. ಡ್ಯಾಮಿನ ಹೊಟ್ಟಿನೂ ಸಣ್ಣದಾಗ್ಯದ. ಮೊದಲು 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ. ಆ ಕಡಿಮಿ ಆದ 28 ಟಿಎಂಸಿ ಯಾರ ಪಾಲಿನಾಗ ಹೋತು ಅಂತ ಯಾರರೆ ಕೇಳ್ಯಾರೇನು? ಎಲ್ಲಾರ ಪಾಲಿನಾಗ ಸಮ ಹೋಗಿಲ್ಲ. ನಮ್ಮ ಪಾಲಿನಾಗ ಹೋಗ್ಯದ.

ನಾವು ಹೋರಾಟ ಮಾಡಿದಾಗೆಲ್ಲ ಕೇಳೂದು ಒಂದೇ: 69ನೇ ಮೈಲಿನಾಗ ಇಷ್ಟು ಅಡಿ, 104ನೇ ಮೈಲಿನಾಗ ಇಷ್ಟು ಅಡಿ ಗೇಜ್ (ನೀರಿನ ಮಟ್ಟ) ಕಾಯ್ರಿ ಅಂತ. ಮ್ಯಾಲಿನವರ ಮ್ಯಾಲೆ ನಮಗ ಸಿಟ್ಟಿಲ್ಲ, ಅವರೂ ಸಾಲ ಮಾಡಿ ನಾಟಿ ಮಾಡಿದವರೇ. ಆದ್ರ ಮ್ಯಾಲಿದ್ದವನಿಗೆ ತಾನು ಮ್ಯಾಲಿದ್ದೀನಿ ಅನ್ನೂದು ಗೊತ್ತಿರಂಗಿಲ್ಲ. ಕೆಳಗಿದ್ದವನಿಗೆ ತಾನು ಕೆಳಗಿದ್ದೀನಿ ಅನ್ನೂದು ದಿನಾ ಗೊತ್ತಾಗ್ತದ.

ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತ. ಒಂದು ತಿದ್ದುಪಡಿ: ಮೊದಲಿನವ ಎಷ್ಟು ಕೆಲಸ ಮಾಡ್ಯಾನ ಅನ್ನೂದನ್ನ ಅವನ ಹೊಲದಾಗ ನಿಂತು ಅಳೀಬ್ಯಾಡ್ರಿ. ಕೊನೀ ಮಡ್ಯಾಗ ನಿಂತು ಅಳೀರಿ.

ತೋಟದಂಚು (ಶಿರಸಿ)

ನಮ್ಮಲ್ಲಿ ಕತೆ ತಿರುಗಾಮುರುಗಾ. ನೀರು ತರುವುದು ನಮ್ಮ ಚಿಂತೆಯಲ್ಲ, ಹೊರಗೆ ಹಾಕುವುದು ಚಿಂತೆ. ಅಡಿಕೆ ತೋಟಗಳು ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ ಒಂದರ ಕೆಳಗೊಂದು ಇರುತ್ತವೆ. ಮಳೆಗಾಲದಲ್ಲಿ ಮೇಲಿನ ತೋಟದವನು ಬಸಿಗಾಲುವೆ ಚೊಕ್ಕ ಇಡದಿದ್ದರೆ ಅವನ ಮಣ್ಣು, ಅವನ ನೀರು ಎಲ್ಲ ಕೆಳಗಿನವನ ಮರದ ಬುಡಕ್ಕೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಅದರ ಜೊತೆ ಕೊಳೆರೋಗ: ಒಬ್ಬ ಬೋರ್ಡೋ ದ್ರಾವಣ ಹೊಡೆಯದೆ ಬಿಟ್ಟರೆ ಅಕ್ಕಪಕ್ಕದವರ ಔಷಧಿ ಖರ್ಚು ನೀರಿನಲ್ಲಿ ಹೋಮ.

ಹಾಗಾಗಿ "ಮೊದಲು ಸಿಗುವವನ ಹೊಣೆ ದೊಡ್ಡದು" ಎನ್ನುವ ನಿಮ್ಮ ಸೂತ್ರ ಇಲ್ಲಿಗೂ ಸರಿಹೊಂದುತ್ತದೆ, ಆದರೆ ಬೇರೆ ಕಾರಣಕ್ಕೆ. ನಿಮ್ಮಲ್ಲಿ ಮೇಲಿನವನು ಲಾಭ ಮೊದಲು ಪಡೆಯುತ್ತಾನೆ. ನಮ್ಮಲ್ಲಿ ಮೇಲಿನವನು ಹಾನಿಯನ್ನು ಕೆಳಕ್ಕೆ ದಾಟಿಸಬಲ್ಲ. ಈಚೆಗೆ ಗುಡ್ಡದ ಓರೆಯನ್ನು ಜೆಸಿಬಿಯಲ್ಲಿ ಕೊರೆದು ಹೊಸ ತೋಟ ಮಾಡುವವರಿದ್ದಾರೆ. ಅವರಿಗೆ ಸಪಾಟು ಜಾಗ ಸಿಗುತ್ತದೆ, ಕೆಳಗಿನ ಹಳೆಯ ತೋಟದವರು ಆಷಾಢದ ರಾತ್ರಿ ನಿದ್ದೆ ಮಾಡುವುದಿಲ್ಲ.

ಮಂಡ್ಯ ನಾಲೆ

ಮೇಲಿದ್ದವರ ಹೊಣೆ ದೊಡ್ಡದು ಅಂತ ಎಲ್ರೂ ತಲೆ ಆಡಿಸ್ತಾ ಇದ್ದೀರಲ್ಲ, ಹಂಗಾದ್ರೆ ಕಾವೇರಿಲಿ ನಾವು ಮೇಲಿದ್ದೀವಿ. ತಮಿಳುನಾಡಿನವರೂ ಇದೇ ಮಾತು ಆಡೋದು. ನಮ್ಮ ಗದ್ದೆ ಒಣಗ್ತಿರುವಾಗ ತಮಿಳುನಾಡು ಗಡಿಯ ಬಿಳಿಗುಂಡ್ಲುವಿಗೆ ನೀರು ಬಿಡಬೇಕು ಅಂತ ಬಂದಾಗ ವಿಸಿ (ವಿಶ್ವೇಶ್ವರಯ್ಯ) ನಾಲೆ ರೈತನ ಹೊಟ್ಟೆ ಉರಿಯೋದು ಸುಳ್ಳಾ? ಸೂತ್ರ ಹೇಳೋದು ಸುಲಭ.

ಭೀಮಾ ತೀರ (ವಿಜಯಪುರ)

ಮಂಡ್ಯದ ಅಣ್ಣಾರಿಗೆ ಉತ್ತರ. ನಿಮ್ಮ ಹೊಟ್ಟಿ ಉರಿ ಸುಳ್ಳಲ್ಲ. ಆದರ ಕರ್ನಾಟಕ ಬರೇ ಕಾವೇರಿ ಅಲ್ಲ. ಕೃಷ್ಣಾ, ಭೀಮಾದಾಗ ನಾವು ಕೆಳಗ ಇದ್ದೀವಿ. ಬ್ಯಾಸಿಗ್ಯಾಗ ನದಿ ಬತ್ತಿದಾಗ ಕೊಯ್ನಾ, ವಾರಣಾದಿಂದ, ಉಜನಿಯಿಂದ ಕುಡಿಯೂ ನೀರಿಗೆ ಬಿಡ್ರಿ ಅಂತ ನಮ್ಮ ಸರ್ಕಾರ ಮಹಾರಾಷ್ಟ್ರಕ್ಕ ಪತ್ರ ಬರೀತದ. ಆವಾಗ ನಾವು ತಮಿಳುನಾಡಿನವರ ಬಾಯಿಂದ ಮಾತಾಡ್ತೀವಿ. ಅದೇ ಆಲಮಟ್ಟಿ ಡ್ಯಾಮಿನ ಎತ್ತರ 519.6 ಮೀಟರಿನಿಂದ 524.256 ಮೀಟರಿಗೆ ಏರಿಸೂ ಮಾತು ಬಂದರ, ಹಿನ್ನೀರಿನಿಂದ ಸಾಂಗಲಿ, ಕೊಲ್ಹಾಪುರ ಮುಳುಗತಾವ ಅಂತ ಮ್ಯಾಲಿನವರು ತಕರಾರು ತಗೀತಾರ. ಅಂದ್ರ ಕೆಳಗ ಇದ್ದವನಿಗೂ ಮ್ಯಾಲಿನವನ ಬಗ್ಗೆ ಹೊಣೆ ಇರತದ. ನಾವು ಎಲ್ಲಿ ನಿಂತೀವಿ ಅನ್ನೂದರ ಮ್ಯಾಲೆ ನಮ್ಮ ಮಾತು ಬದಲಾಗಬಾರದು, ನಮ್ಮ ಕೆಲಸ ಬದಲಾಗಬೇಕು.

2018ರ ಫೆಬ್ರವರಿಯಾಗ ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಕೊಟ್ಟಿತಲ್ಲ, ನಮಗ 284.75 ಟಿಎಂಸಿ, ಬಿಳಿಗುಂಡ್ಲುವಿಗೆ ಬಿಡೂದು 177.25 ಅಂತ. ಅದು ಸಾಧಾರಣ ಮಳಿ ವರ್ಷದ ಲೆಕ್ಕ. ಜಗಳ ಆಗೂದು ಸಂಕಷ್ಟದ ವರ್ಷದ ಲೆಕ್ಕಕ್ಕ. ಚಿಂತಾಮಣಿಯವರು ಹೇಳಿದ ದಾಮಾಶಾ ಅಲ್ಲೇ ಉಪಯೋಗ ಆಗೂದು: ಬರದ ವರ್ಷಕ್ಕ ಬ್ಯಾರೆ ನಿಯಮ, ಮೊದಲೇ ಬರದಿಟ್ಟದ್ದು.

ನಿರ್ವಾಹಕರು

ಕಾವೇರಿ, ಕೃಷ್ಣಾ ಬಗ್ಗೆ ಪ್ರತ್ಯೇಕ ಎಳೆಗಳಿವೆ. ಇಲ್ಲಿ ಮೂಲ ಪ್ರಶ್ನೆಗೆ ಹತ್ತಿರ ಇರೋಣ.

ಮುಳಬಾಗಿಲು ಹುಡುಗ

ಓದ್ತಾ ಬಂದೆ. ದಾಮಾಶಾ ಬಗ್ಗೆ ಬರೆದಿದ್ದು ಓದಿ ಸಂತೋಷ ಆಯ್ತು. ಅದರಲ್ಲಿ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ, ಅವನ ಬಗ್ಗೆ ಬರೀಬೇಕು ಅನ್ನಿಸಿತು. ನೀರು ಹಂಚಿದ್ದು ಯಾರು? ನೀರಗಂಟಿ. ನಮ್ಮ ತಾತ ನೀರಗಂಟಿ.

ತೂಬಿನ ಎರಡು ಕಲ್ಲುಕಂಬದ ನಡುವೆ ಗೂಟ ಸಿಕ್ಕಿಕೊಂಡರೆ ಮುಳುಗಿ ಬಿಡಿಸಬೇಕಾಗಿದ್ದು ಅವರು. ಕೋಡಿ ಬೀಳೋ ರಾತ್ರಿ ಏರಿ ಮೇಲೆ ಲಾಟೀನು ಹಿಡಿದು ಓಡಾಡಿದ್ದು ಅವರು. ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನೋದು ಬಾಯಿಲೆಕ್ಕ. ಮಣ್ಣಿನ ಮಡೆ ಕಾಲಲ್ಲಿ ತುಳಿದು ಕಟ್ಟಿ ಪಕ್ಕದ ಗದ್ದೆಗೆ ತಿರುಗಿಸೋರು, ಗದ್ದೆಯ ಯಜಮಾನ ಮನೇಲಿ ಮಲಗಿರೋನು. ನೀರು ಸಾಲದೆ ಬೆಳೆ ಕೆಟ್ಟರೆ ಬೈಗುಳ ಅವರಿಗೆ. ಸುಗ್ಗೀಲಿ ಪ್ರತಿ ಕಣಕ್ಕೂ ಹೋಗಿ ರಾಶಿ ಪಕ್ಕ ನಿಲ್ಲಬೇಕು, ಕೊಟ್ಟಷ್ಟು ತಗೋಬೇಕು. ಇಡೀ ಊರಿನ ಗದ್ದೆಗೆ ಅವರ ಕೈಯಿಂದಲೇ ನೀರು ಹೋಗಬೇಕಿತ್ತು. ಅದೇ ಊರಿನ ಸೇದೋ ಬಾವಿ ಹತ್ತಿರ ಅವರ ಕೈ ಹೋಗುವಂತಿರಲಿಲ್ಲ.

ಏರಿ ಮೇಲಿನವರು ಹೇಳ್ತಾರೆ, ಜಮೀನು ಇರುವ ಜಾಗ ಕರ್ತವ್ಯವನ್ನು ತೀರ್ಮಾನಿಸಬೇಕು ಅಂತ. ಒಪ್ತೀನಿ. ಹಳೇ ವ್ಯವಸ್ಥೆಯಲ್ಲಿ ರೈತರ ನಡುವೆ ಹಾಗಿತ್ತೇನೋ. ನಮ್ಮ ಮನೆಗೆ ಮಾತ್ರ ಕರ್ತವ್ಯ ತೀರ್ಮಾನ ಮಾಡಿದ್ದು ಹುಟ್ಟು. ನೀವೆಲ್ಲ ಒಂದು ದಿನ ಕಾಲುವೆಗೆ ಇಳಿಯೋದಾ ಬೇಡವಾ ಅಂತ ಚರ್ಚೆ ಮಾಡ್ತಿದ್ದೀರಿ. ನಮ್ಮ ತಾತನಿಗೆ ಆ ಚರ್ಚೆ ಮಾಡೋ ಅವಕಾಶವೇ ಇರಲಿಲ್ಲ. ಊರಿನಲ್ಲಿ ನಮ್ಮ ಕೇರಿ ಎಲ್ಲಿದೆ ಅನ್ನೋದೂ ಒಂದು ಜಾಗವೇ. ಆ ಜಾಗವೂ ಕೆಲಸವನ್ನು ಹಂಚಿತು.

ಹಾಗಾಗಿ ಸಭೆಯಲ್ಲಿ "ಮೊದಲಿನ ಹಾಗೆ ಮಾಡೋಣ" ಅಂತ ಮಾತ್ರ ಹೇಳಬೇಡಿ. ದಾಮಾಶಾದ ಲೆಕ್ಕ ಇಟ್ಕೊಳ್ಳಿ. ನೀರು ಬಿಡೋ ಕೆಲಸಕ್ಕೆ ಸಂಬಳ ಇಡಿ, ಊರಲ್ಲಿ ಯಾರು ಬೇಕಾದರೂ ಆ ಕೆಲಸಕ್ಕೆ ಬರಬಹುದು ಅಂತ ಬರೆಯಿರಿ.

ಏರಿ ಮೇಲಿನವ (ಚಿಂತಾಮಣಿ ಕಡೆ)

ಮುಳಬಾಗಿಲಿನವರೇ, ಇದನ್ನು ಬರೆದಿದ್ದಕ್ಕೆ ನಮಸ್ಕಾರ. ಈಗಲೂ ನಮ್ಮೂರಲ್ಲಿ ತೂಬು ಎತ್ತೋದಕ್ಕೆ ಒಂದೇ ಕೇರಿಯವರನ್ನು ಕರೆಯೋದು ರೂಢಿ. ನಿಮ್ಮ ಮಾತನ್ನು ಸಭೆಯ ಮೊದಲ ವಿಷಯವಾಗಿ ಇಡ್ತೀನಿ.

ಕಪ್ಪು ಕೋಟು (ತುಮಕೂರು)

ಕಾನೂನಿನ ಕಡೆಯಿಂದ ಕೆಲವು ಮಾತು.

ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ನಮ್ಮ ರಾಜ್ಯ 1961ರ ಗ್ರಾಮ ಹುದ್ದೆಗಳ ರದ್ಧತಿ ಕಾಯ್ದೆಯ ಮೂಲಕ ತೆಗೆದುಹಾಕಿತು. ತೋಟಿ, ತಳವಾರಿಕೆ, ನೀರಗಂಟಿ ಇನಾಮು ಜಮೀನುಗಳ ಮರುಮಂಜೂರಾತಿ ವ್ಯಾಜ್ಯಗಳು ಇಂದಿಗೂ ನ್ಯಾಯಾಲಯಕ್ಕೆ ಬರುತ್ತಿವೆ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. ಅದೇ ವಿಧಿಯ ಎರಡನೇ ಖಂಡ, ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು, ಆದರೆ ಧರ್ಮ, ಜನಾಂಗ, ಜಾತಿ, ವರ್ಗದ ಆಧಾರದ ಮೇಲೆ ಮಾತ್ರ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ. ಅಂದರೆ ಜಮೀನಿನ ಸ್ಥಾನ ನೋಡಿ ಹೊಣೆ ಹಂಚುವುದಕ್ಕೂ, ಕೇರಿ ನೋಡಿ ಹೊಣೆ ಹಂಚುವುದಕ್ಕೂ ನಡುವೆ ಸಂವಿಧಾನ ಗೆರೆ ಎಳೆದಿದೆ.

ಕೆರೆ ಮೇಲಿನ ಹೊಲದವರ "ನಮಗೇನು ಸಂಬಂಧ" ಎಂಬ ವಾದ ನಿಲ್ಲುವುದಿಲ್ಲ. ಸಹಜವಾಗಿ ಹರಿಯುವ ತೊರೆಯ ನೀರಿನ ಪ್ರಮಾಣ, ದಿಕ್ಕು ಬದಲಿಸದೆ ಮುಂದಕ್ಕೆ ಬಿಡಬೇಕು ಎನ್ನುವುದು 1882ರ ಈಸ್‌ಮೆಂಟ್ (ಇನ್ನೊಬ್ಬರ ಜಮೀನಿನ ಮೇಲಿನ ಹಕ್ಕುಗಳ) ಕಾಯ್ದೆಯ ಏಳನೇ ಕಲಂನ ಉದಾಹರಣೆಗಳಲ್ಲೇ ಇದೆ. ಅದೇ ಕಲಂನಲ್ಲಿ, ಮೇಲಿನ ಜಮೀನಿನ ಸಹಜ ನೀರು ಕೆಳಗಿನ ಜಮೀನಿಗೆ ಹರಿದುಹೋಗಲು ಕೆಳಗಿನವನು ಬಿಡಬೇಕು ಎಂದೂ ಇದೆ. ಶಿರಸಿಯವರ ಸಮಸ್ಯೆಗೆ ಇದು ಅರ್ಧ ಉತ್ತರ: ಸಹಜ ನೀರಿಗೆ ದಾರಿ ಕೊಡುವುದು ಕೆಳಗಿನವನ ಹೊಣೆ, ಜೆಸಿಬಿಯಿಂದ ಹುಟ್ಟಿಸಿದ ಕೆಸರಿಗಲ್ಲ.

ಇನ್ನೊಂದು, ಕೆರೆ ಯಾರ ಸುಪರ್ದಿಯಲ್ಲಿದೆ ಮೊದಲು ನೋಡಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯತ್ ವ್ಯವಸ್ಥೆ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಏರಿ ಬಿರುಕು ಬಿಟ್ಟಿದ್ದರೆ ಅದು ರೈತರು ವಂತಿಗೆ ಎತ್ತಿ ಮಾಡುವ ಕೆಲಸವಲ್ಲ, ಇಲಾಖೆಗೆ ಅರ್ಜಿ ಕೊಡಿ. ಸಿರವಾರದವರಿಗೆ: ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವವರ ಮೇಲಿನ ಶಿಕ್ಷೆಯನ್ನು 2024ರಲ್ಲಿ 1965ರ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಬಿಗಿಗೊಳಿಸಿದ್ದಾರೆ. ಜಾರಿಗೆ ಬೆನ್ನು ಬೀಳಬೇಕಾದವರು ನೀವೇ.

ಗಜನಿ (ಕುಮಟಾ)

ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ ನಮ್ಮ ಗಜನಿ ಗದ್ದೆಗಳಿವೆ. ದಿನಕ್ಕೆರಡು ಸಲ ಭರತ (ಕಡಲ ಉಬ್ಬರ) ಬರುತ್ತದೆ, ಉಪ್ಪುನೀರು. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಒಡ್ಡು. ಮಳೆಗಾಲದಲ್ಲಿ ಕಗ್ಗ ಭತ್ತ, ಉಪ್ಪು ತಡೆದುಕೊಳ್ಳುವ ತಳಿ. ಭತ್ತ ಕೊಯ್ದ ಮೇಲೆ ಅಲ್ಲೇ ಮೀನು, ಸೀಗಡಿ.

ಇಲ್ಲಿ ಮೇಲೆ, ಕೆಳಗೆ ಅನ್ನುವ ಮಾತೇ ಇಲ್ಲ. ಒಡ್ಡಿನ ಪಕ್ಕ, ಒಡ್ಡಿನಿಂದ ದೂರ, ಅಷ್ಟೇ. ಒಡ್ಡಿನ ಪಕ್ಕದವನಿಗೆ ಲಾಭ ಹೆಚ್ಚಿಲ್ಲ, ಅಪಾಯ ಹೆಚ್ಚು. ಆದರೂ ಏಡಿ ಬಿಲ ಮೊದಲು ಕಾಣುವುದು ಅವನಿಗೆ. ಬೆರಳು ಹೋಗುವಷ್ಟು ಬಿಲ, ಅಂಚಿನಲ್ಲಿ ಹಸಿ ಕೆಸರಿನ ಸಣ್ಣ ಗುಳಿಗೆಗಳು. ನೀರಿಳಿತದ ಹೊತ್ತಿಗೆ ಅಂಟು ಮಣ್ಣು ತುರುಕಿ ತುಳಿದುಬಿಟ್ಟರೆ ಆಯಿತು. ಬಿಟ್ಟರೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತಕ್ಕೆ ಅದೇ ಬಿಲದಿಂದ ಒಡ್ಡು ಒಡೆಯುತ್ತದೆ, ಗದ್ದೆಬಯಲು ಪೂರ್ತಿ ಉಪ್ಪು. ಅಷ್ಟು ದೂರದಲ್ಲಿ ಗದ್ದೆ ಇರುವವನ ಭತ್ತವೂ ಹೋಯಿತು.

ಅದಕ್ಕೆ ನಮ್ಮ ಹಿರಿಯರಲ್ಲಿದ್ದ ಕ್ರಮ: ನೋಡುವ ಕೆಲಸ ಒಡ್ಡಿನ ಪಕ್ಕದವನದು, ಕೂಗು ಹಾಕಿದರೆ ಬರುವ ಕೆಲಸ ಎಲ್ಲರದು, ಖರ್ಚು ಎಲ್ಲರದು. ಏರಿ ಮೇಲಿನವರು ಹೊಣೆ ಅಂತ ಒಂದೇ ಮಾತಿನಲ್ಲಿ ಕಟ್ಟಿದ್ದನ್ನು ಬಿಡಿಸಿ ನೋಡಬೇಕು ಅಂತ ನನ್ನ ಕೋರಿಕೆ. ಕಾಯುವುದು ಬೇರೆ, ದುಡಿಯುವುದು ಬೇರೆ, ದುಡ್ಡು ಕೊಡುವುದು ಬೇರೆ. ಜಾಗ ಇವು ಮೂರನ್ನೂ ಒಂದೇ ರೀತಿ ಹಂಚುವುದಿಲ್ಲ.

ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರಿ ಒಡ್ಡು ಬಂದಮೇಲೆ ಏಡಿ ಬಿಲ ನೋಡುವವರು ಕಡಿಮೆಯಾದರು. ಆಮೇಲೆ ಸೀಗಡಿ ಗುತ್ತಿಗೆ ಬಂತು, ವರ್ಷವಿಡೀ ಉಪ್ಪುನೀರೇ ಬೇಕು ಅನ್ನುವವರು ಬಂದರು. ಒಡ್ಡು ಅದೇ, ಗದ್ದೆ ಇರುವ ಜಾಗವೂ ಅದೇ. ನೀರಿನಿಂದ ಏನು ಬೇಕು ಅನ್ನುವುದು ಬದಲಾದ ಕೂಡಲೇ ಪಕ್ಕದವರ ಮೇಲಿನ ಹೊಣೆಯೂ ಸಡಿಲವಾಯಿತು. ಕಗ್ಗ ಬೆಳೆಯುವವರು ಈಗ ಕೆಲವೇ ಮಂದಿ.

ಹಾಲೆಂಡ್ ಕನ್ನಡಿಗ (ಆಮ್‌ಸ್ಟೆಲ್‌ವೀನ್)

ಕುಮಟಾದವರ ಬರಹ ಓದಿ ಬರೆಯದೆ ಇರಲಾಗಲಿಲ್ಲ. ನಾನೀಗ ವಾಸ ಇರುವುದು ಸಮುದ್ರಮಟ್ಟಕ್ಕಿಂತ ಕೆಳಗಿನ ನೆಲದಲ್ಲಿ. ಇಲ್ಲಿನ ಜಲಮಂಡಳಿಗಳು 13ನೇ ಶತಮಾನದಿಂದ ನಡೆದುಕೊಂಡು ಬಂದಿವೆ. ಅವುಗಳಿಗೆ ಪ್ರತ್ಯೇಕ ಚುನಾವಣೆ, ಪ್ರತ್ಯೇಕ ತೆರಿಗೆ. ನಾನು ಈ ದೇಶದ ಪ್ರಜೆಯಲ್ಲ, ಆದರೂ ಜಲಮಂಡಳಿ ಚುನಾವಣೆಯಲ್ಲಿ ಮತ ಹಾಕಿದ್ದೇನೆ. ಇಲ್ಲಿ ವಾಸ ಇದ್ದೀನಿ ಅನ್ನುವುದೇ ಹಕ್ಕು ಮತ್ತು ತೆರಿಗೆ ಎರಡನ್ನೂ ತಂದುಕೊಟ್ಟಿತು.

ಹಳೆಯ ಕಾಲದಲ್ಲಿ ಒಡ್ಡಿನ ಹಿಂದೆ ಜಮೀನು ಇದ್ದ ಪ್ರತಿಯೊಬ್ಬನಿಗೂ ಒಡ್ಡಿನ ಇಂತಿಷ್ಟು ಉದ್ದ ಪಾಲು. ಅದನ್ನು ಅವನೇ ನೋಡಿಕೊಳ್ಳಬೇಕು. ಕೈಲಾಗದಿದ್ದರೆ ತನ್ನ ಪಾಲಿನ ಒಡ್ಡಿಗೆ ಸಲಿಕೆ ನೆಟ್ಟು ಹೊರಟುಹೋಗಬೇಕು. ಸಲಿಕೆ ನೆಟ್ಟ ಎಂದರೆ ಜಮೀನನ್ನೂ ಬಿಟ್ಟ ಎಂದರ್ಥ. ಆ ಸಲಿಕೆಯನ್ನು ಯಾರು ಕಿತ್ತರೋ ಅವರಿಗೆ ಜಮೀನೂ ಸೇರಿತು, ಒಡ್ಡಿನ ಹೊಣೆಯೂ ಸೇರಿತು. ಬಹಳ ಕಠಿಣ ಕಾನೂನು, ಬಡವರು ಇದರಿಂದ ನೆಲ ಕಳೆದುಕೊಂಡರು. ಕಾಲಕ್ರಮೇಣ ಪಾಲಿನ ದುಡಿಮೆ ಹೋಗಿ, ಎಲ್ಲರಿಂದ ತೆರಿಗೆ ಎತ್ತಿ ಮಂಡಳಿಯೇ ಕೆಲಸ ಮಾಡಿಸುವ ಪದ್ಧತಿ ಬಂತು.

ಹೊಣೆ ವ್ಯಕ್ತಿಗೆ ಅಂಟಿಕೊಂಡಿರಲಿಲ್ಲ, ನೆಲಕ್ಕೆ ಅಂಟಿಕೊಂಡಿತ್ತು. ನೆಲ ಬಿಟ್ಟವನಿಗೆ ಹೊಣೆಯಿಲ್ಲ. ಮುಳಬಾಗಿಲಿನವರ ತಾತನಿಗೆ ಅಂಥ ಸಲಿಕೆ ನೆಡುವ ದಾರಿಯೂ ಇರಲಿಲ್ಲ, ಅದು ನನ್ನನ್ನು ತುಂಬಾ ಕಾಡಿತು.

ಮಂಡ್ಯ ನಾಲೆ

ಇದು ಚೆನ್ನಾಗೈತೆ. ನಮ್ಮ ಕಡೆ ಜಮೀನು ಗುತ್ತಿಗೆ ಕೊಟ್ಟು ಬೆಂಗಳೂರು ಸೇರ್ಕೊಂಡೋರ ಸಂಖ್ಯೆ ಜಾಸ್ತಿ. ಪಹಣೀಲಿ ಹೆಸರು ಅವರದು, ಕಾಲುವೆ ಹೊಣೆ ಕೇಳಿದ್ರೆ ಗುತ್ತಿಗೆದಾರನ ಕಡೆ ಕೈ ತೋರಿಸ್ತಾರೆ. ಗುತ್ತಿಗೆದಾರ "ನಂದು ಒಂದು ಬೆಳೆ ಅಷ್ಟೇ" ಅಂತಾನೆ. ಅಂಥ ಕಡೆ ಯಾರನ್ನ ಹಿಡೀಬೇಕು?

ಕಪ್ಪು ಕೋಟು (ತುಮಕೂರು)

ನನ್ನ ಅಭಿಪ್ರಾಯ: ದುಡ್ಡು ಒಡೆಯನದು, ದಿನದ ಕಾಯುವ ಕೆಲಸ ಊರಲ್ಲಿರುವ ಸಾಗುವಳಿದಾರನದು. ಕುಮಟಾದವರು ಬಿಡಿಸಿ ಹೇಳಿದ್ದು ಇಲ್ಲಿಗೆ ಸರಿಯಾಗಿ ಬರುತ್ತದೆ.

ಸರ್ಜಾಪುರ ರಸ್ತೆ (ಬೆಂಗಳೂರು)

ನಾನು ರೈತನಲ್ಲ, ಅಪಾರ್ಟ್‌ಮೆಂಟ್ ವಾಸಿ. ಮಾತಾಡಬಹುದಾ ಅಂತ ಯೋಚಿಸಿ ಬರೆಯುತ್ತಿದ್ದೇನೆ.

2022ರ ಸೆಪ್ಟೆಂಬರಿನಲ್ಲಿ ನಮ್ಮ ಕಡೆ ರಸ್ತೆಗಳಲ್ಲಿ ದೋಣಿ ಓಡಿದವು. ಆಗ ನಾವು ರಾಜಕಾಲುವೆ ಒತ್ತುವರಿ ಮಾಡಿದವರನ್ನು ಬೈದೆವು, ಸರಿಯಾಗಿಯೇ ಬೈದೆವು. ಆಗ ನಾವು ಕೆಳಗಿನವರು. ಆದರೆ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಮೊದಲು ಲಕ್ಷ್ಮೀಸಾಗರ ಕೆರೆ, ಅದು ತುಂಬಿ ಕೋಡಿ ಹರಿದರೆ ಮುಂದಿನದು, ಹೀಗೆ ಸಾಲು. ಕೆರೆಯಿಂದ ನೇರ ಮೋಟಾರ್ ಇಟ್ಟು ಎತ್ತುವಂತಿಲ್ಲ, ಅಂತರ್ಜಲಕ್ಕೆ ಇಂಗಲಿ ಎಂಬುದು ಉದ್ದೇಶ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೋಲಾರದ ಜನ ಕೇಳುತ್ತಲೇ ಇದ್ದಾರೆ.

ಅಂದರೆ ನಮ್ಮ ಬಚ್ಚಲ ನೀರು ಮುಳಬಾಗಿಲು, ಕೋಲಾರ ಕಡೆಯವರ ಕೊಳವೆಬಾವಿಯ ತಳ ಸೇರುತ್ತಿದೆ. ಗುಡ್ಡ, ಹಳ್ಳ ನೋಡಿದರೆ ಈ ಊರುಗಳಿಗೆ ನಾವು ಮೇಲಿನವರಲ್ಲ. ಪೈಪು ನಮ್ಮನ್ನು ಮೇಲಿನವರನ್ನಾಗಿ ಮಾಡಿದೆ. ನಮ್ಮ ಸಂಘದ ಸಭೆಗಳಲ್ಲಿ ವಿದ್ಯುತ್ ಬಿಲ್ ಉಳಿಸಲು ರಾತ್ರಿ ಶುದ್ಧೀಕರಣ ಘಟಕ ನಿಲ್ಲಿಸೋಣ ಅನ್ನುವ ಮಾತು ಬರುತ್ತದೆ. ಕೊಳಚೆ ನೀರು ಹೋಗಿ ಸೇರುವ ಊರಿನ ಹೆಸರು ಆ ಸಭೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಇದನ್ನು ಓದಿದ ಮೇಲೆ ನಾನು ಆ ಹೆಸರು ಎತ್ತುತ್ತೇನೆ.

ಮುಳಬಾಗಿಲು ಹುಡುಗ

ಎತ್ತಿ ಸರ್. ಆ ನೀರಿನ ಮೇಲೆ ನಮ್ಮ ಕಡೆ ಎರಡು ಮಾತಿದೆ. ಕೆರೆ ತುಂಬಿದ್ದು ನೋಡಿ ಕಣ್ಣು ತಂಪಾಗಿದೆ ಅನ್ನೋರೂ ಇದ್ದಾರೆ, ಬೋರಿನ ನೀರು ಕುಡಿಯೋಕೆ ಹೆದರೋರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ನಿಮ್ಮ ಸಂಘದವರನ್ನ ಒಂದು ಭಾನುವಾರ ಕರ್ಕೊಂಡು ಬನ್ನಿ, ಕೆರೆ ತೋರಿಸ್ತೀವಿ.

ತೋಟದಂಚು (ಶಿರಸಿ)

ಒಂದು ಅನುಮಾನ. ಬೋರ್‌ವೆಲ್‌ನವರನ್ನು ಹೇಗೆ ಸೇರಿಸುತ್ತೀರಿ? ಅವರ ಜಮೀನು ಅಚ್ಚುಕಟ್ಟಿನಲ್ಲೇ ಇಲ್ಲದಿರಬಹುದು.

ಏರಿ ಮೇಲಿನವ (ಚಿಂತಾಮಣಿ ಕಡೆ)

ಅದೇ ನನಗೂ ಕಗ್ಗಂಟು. ನೆಲದ ಮೇಲಿನ ನೀರಿಗೆ ದಾರಿ ಕಾಣುತ್ತೆ, ನೆಲದೊಳಗಿನದ್ದಕ್ಕೆ ಕಾಣಲ್ಲ. ಆದರೆ 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷದ ಮೇಲೆ ಕೋಡಿ ಬಿದ್ದಾಗ, ಬತ್ತಿದ ಬೋರುಗಳಲ್ಲಿ ನೀರು ಬಂದಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಕೆರೆ ಅಂಗಳದ ಸುತ್ತ, ಏರಿ ಕೆಳಗೆ ಬೋರ್ ಇರುವವರನ್ನು ಸಭೆಗೆ ಕರೆದು, ಪೋಷಕ ಕಾಲುವೆಯ ಖರ್ಚಿನಲ್ಲಿ ಪಾಲು ಕೇಳ್ತೀವಿ. ಮೊದಲ ವರ್ಷ ಬಲವಂತ ಇಲ್ಲ, ಕೊಟ್ಟವರ ಹೆಸರನ್ನು ಪಂಚಾಯ್ತಿ ಕಟ್ಟೆ ಹತ್ತಿರ ಬೋರ್ಡಿನಲ್ಲಿ ಬರೆಯೋದು.

ಇಷ್ಟು ದಿನದ ಚರ್ಚೆಯಿಂದ ಸಭೆಗೆ ನಾನು ತಗೊಂಡು ಹೋಗೋದು ಇಷ್ಟು. ಎಕರೆಗೆ ಸಮ ಅನ್ನೋದನ್ನು ಬಿಡಬೇಕು. ತೂಬಿನಿಂದ ಮೊದಲ ಮೂರನೇ ಒಂದು ಭಾಗದ ಗದ್ದೆಯವರು ಎಕರೆಗೆ ಹೆಚ್ಚು ವಂತಿಗೆ ಕೊಡಬೇಕು, ಮಧ್ಯದವರು ಅದಕ್ಕಿಂತ ಕಡಿಮೆ, ಕೊನೆಯವರು ನೀರು ತಮ್ಮ ಮಡಿ ಮುಟ್ಟಿದ ಮೇಲೆ ಮಾತ್ರ. ಮೇಲಿನ ಹೊಲದವರಿಂದ ದುಡ್ಡು ಕೇಳಲ್ಲ, ಕಾಲುವೆಗೆ ಜಾಗ ಬಿಡಬೇಕು, ಅಷ್ಟೇ. ಅವರಿಗೆ ಕೆರೆಯ ಗೋಡುಮಣ್ಣು (ಹೂಳು) ಮೊದಲು ಹೊಡೆದುಕೊಳ್ಳೋ ಅವಕಾಶ ಕೊಡಬೇಕು. ನಮ್ಮ ಹೊಲದ ಮಣ್ಣೇ ಅಲ್ವಾ ಕೆರೇಲಿರೋದು ಅಂತ ಅವರು ಕೇಳ್ತಾರೆ, ಅದು ನಿಜ. ಕೆರೆ ಅರ್ಧಕ್ಕಿಂತ ಕಡಿಮೆ ಇದ್ದ ವರ್ಷ ದಾಮಾಶಾ. ಇದಕ್ಕೆ ನಮ್ಮ ಸಾಲಿನವರೇ ಮೊದಲು ಎದ್ದು ನಿಂತು ವಿರೋಧ ಮಾಡ್ತಾರೆ, ಗೊತ್ತು. ಅದಕ್ಕೇ ನನ್ನ ಗದ್ದೆಯನ್ನು ಮೊದಲು ಬರೆಸ್ತೀನಿ.

ಕೊನೆ ಭಾಗದ ರೈತ (ಸಿರವಾರ)

"ನೀರು ಮಡಿ ಮುಟ್ಟಿದ ಮ್ಯಾಲೆ ಮಾತ್ರ" ಅನ್ನೂದನ್ನ ಯಾವ ಕಾರಣಕ್ಕೂ ಬಿಡಬ್ಯಾಡ್ರಿ. ಅದು ಮುಟ್ಟೇದ ಅಂತ ಸಹಿ ಮಾಡೂದು ಕೊನೀಯವರು, ಕಾರ್ಯದರ್ಶಿ ಅಲ್ಲ.

ಮುಳಬಾಗಿಲು ಹುಡುಗ

ತೂಬು ಎತ್ತುವವರ ಸಂಬಳ ಎಷ್ಟು, ಅದು ಯಾವ ಖಾತೆಯಿಂದ, ಯಾವ ತಾರೀಖಿಗೆ? ನಿಮ್ಮ ಪಟ್ಟಿಯಲ್ಲಿ ಇನ್ನೂ ಬಂದಿಲ್ಲ.

ಏರಿ ಮೇಲಿನವ (ಚಿಂತಾಮಣಿ ಕಡೆ)

ವಂತಿಗೆಯಿಂದ ಮೊದಲು ತೆಗೆದಿಡೋದು ಅದನ್ನೇ. ಮೊತ್ತವನ್ನು ಸಭೆಯಲ್ಲಿ ಕೂಗಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆದು, ಆ ಪುಟದ ಫೋಟೋ ಇಲ್ಲಿ ಹಾಕ್ತೀನಿ. ತೂಬು ಎತ್ತೋದು ಆಮೇಲೆ.